ಬಸ್ರೂರು: ಘಟ್ಟದ ಮೇಲೆ ಮುಳುಗಿದ ಬಂದರು

ನನ್ನ ಪಿಎಚ್.ಡಿ. ವಿಷಯ ಏನೆಂದು ಕೇಳಿದವರಿಗೆ ‘ಒಂದು ಬಂದರು’ ಎಂದರೆ ಮುಂದಿನ ಮಾತು ನಗುವಿನ ಜೊತೆಯೇ ಬರುತ್ತದೆ: ‘ಭದ್ರಾವತೀಲಿ ಕೂತ್ಕೊಂಡು ಸಮುದ್ರವಾ?’ ನಮ್ಮ ಮನೆ ಇರುವುದು ಜನ್ನಾಪುರದಲ್ಲಿ. ನಮಗೆ ನೀರೆಂದರೆ ಭದ್ರಾ ಹೊಳೆ ಮತ್ತು ನಾಲೆ. ಹಡಗನ್ನು ಹತ್ತಿರದಿಂದ ನೋಡಿದ್ದು ನಾನು ಡಿಗ್ರಿ ಮುಗಿಸಿದ ಮೇಲೆ. ಮೊದಲ ವರ್ಷದ ಸೆಮಿನಾರಿನಲ್ಲಿ ಹಿರಿಯರೊಬ್ಬರು ಗಂಭೀರವಾಗಿಯೇ ಕೇಳಿದ್ದರು: ‘ಕರಾವಳಿಯ ಚರಿತ್ರೆ ಬರೆಯಲು ಮಲೆನಾಡಿನವರಿಗೆ ಏನು ಕಾರಣ?’ ಆವತ್ತು ಏನೋ ತೊದಲಿ ಕೂತೆ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ನಾನು ಓದುತ್ತಿರುವ ಬಂದರು ಬಸ್ರೂರು. ಉಡುಪಿ ಜಿಲ್ಲೆಯ ಕುಂದಾಪುರದಿಂದ ಒಳನಾಡಿಗೆ ಕೆಲವೇ ಕಿಲೋಮೀಟರ್ ದೂರ, ವಾರಾಹಿ ನದಿಯ ದಂಡೆ. ಮೊದಲ ಸಲ ಹೋದಾಗ ಶಿವಮೊಗ್ಗದಿಂದ ಬಸ್ಸು ಹಿಡಿದು ಹೊಸನಗರ, ನಗರ, ಹುಲಿಕಲ್ ದಾಟಿ, ಬಾಳೆಬರೆ ಘಾಟಿ ಇಳಿದು ಹೋಗಿದ್ದೆ. ಊರಲ್ಲಿ ಮಹಾಲಿಂಗೇಶ್ವರ ದೇವಸ್ಥಾನವಿತ್ತು, ಆಲದ ಬೇರುಗಳು ತಬ್ಬಿಕೊಂಡಿರುವ ತುಳುವೇಶ್ವರನ ಪಾಳು ಗುಡಿಯಿತ್ತು, ‘ಕೇರಿ’ ಎಂದು ಕೊನೆಯಾಗುವ ಬೀದಿಗಳ ಹೆಸರುಗಳಿದ್ದವು. ಸಮುದ್ರ ಮಾತ್ರ ಇರಲಿಲ್ಲ. ಅಂಗಡಿಯೊಂದರಲ್ಲಿ ಹಳೆಯ ಬಂದರು ಎಲ್ಲಿತ್ತು ಎಂದು ಕೇಳಿದೆ. ಅಂಗಡಿಯವರು ನನ್ನ ಮುಖ ನೋಡಿ, ‘ಬಂದರ್ ಗಂಗೊಳ್ಳಿಯಗೆ ಅಲ್ದಾ ಇಪ್ದ್?’ ಎಂದರು. ಅವರು ಹೇಳಿದ್ದು ಇವತ್ತಿನ ಮೀನುಗಾರಿಕೆ ಬಂದರು. ಮುನ್ನೂರೈವತ್ತು ವರ್ಷಗಳ ಹಿಂದೆ ಗೋವಾದ ಪೋರ್ಚುಗೀಸರು ಯಾವ ಊರಿನ ಅಕ್ಕಿಗಾಗಿ ಕಾದು ಕೂರುತ್ತಿದ್ದರೋ ಆ ಊರಿನ ನಡುಬೀದಿಯಲ್ಲಿ ನಾವಿಬ್ಬರೂ ನಿಂತಿದ್ದೆವು.

ಸಮುದ್ರವಿಲ್ಲದ ಕಡೆ ಬಂದರು ಹೇಗೆ? ಪಶ್ಚಿಮ ಕರಾವಳಿಯ ಹಳೆಯ ಬಂದರುಗಳಲ್ಲಿ ಅನೇಕವು ಕಡಲ ಅಂಚಿನಲ್ಲಿ ಇರಲಿಲ್ಲ. ಬಾರಕೂರು ಸೀತಾ ನದಿಯ ಮೇಲಿದೆ, ಗೇರುಸೊಪ್ಪೆ ಶರಾವತಿಯುದ್ದಕ್ಕೂ ಒಳಗೆ ಬಂದರೆ ಸಿಗುತ್ತದೆ. ಮಳೆಗಾಲದ ಬಿರುಗಾಳಿ, ಕಡಲುಗಳ್ಳರು, ಎರಡರಿಂದಲೂ ನದಿಯ ಒಳಗಿರುವುದೇ ಕ್ಷೇಮ. ದೊಡ್ಡ ಹಡಗು ಅಳಿವೆಯಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಗಳು ಸರಕು ಹೊತ್ತು ಮೇಲೆ ಕೆಳಗೆ ಓಡಾಡುತ್ತವೆ. ಘಟ್ಟದಿಂದ ಇಳಿದ ಹೇರೆತ್ತಿನ ಸಾಲು ಎಲ್ಲಿಗೆ ಬಂದು ಮುಗಿಯುತ್ತದೋ, ದೋಣಿ ಎಲ್ಲಿಯವರೆಗೆ ಏರಿ ಬರಬಲ್ಲದೋ, ಅವೆರಡೂ ಕೂಡುವ ಕಡೆ ಪೇಟೆ ಹುಟ್ಟುತ್ತದೆ. ಬಸ್ರೂರು ಅಂಥ ಜಾಗ. ವಾರಾಹಿ ಹುಟ್ಟುವುದು ಶಿವಮೊಗ್ಗ ಜಿಲ್ಲೆಯ ಮಲೆಗಳಲ್ಲಿ, ಕುಂಚಿಕಲ್ ಅಬ್ಬಿಯಲ್ಲಿ ಧುಮುಕಿ ಕೆಳಗಿಳಿಯುತ್ತದೆ. ಮಾಣಿ ಅಣೆಕಟ್ಟಿಗೆ ಪಿಕ್‌ನಿಕ್ ಹೋದವರು ಆ ನೀರನ್ನು ನೋಡಿದ್ದೀರಿ.

ಬಸ್ರೂರಿನ ಕತೆಯನ್ನು ಚೀನಾದ ಇನ್ನೊಂದು ಬಂದರಿನ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ನನಗಾದದ್ದು ಒಬ್ಬ ಪ್ರವಾಸಿಯಿಂದ. 1342ರಲ್ಲಿ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಮೊರಾಕ್ಕೋದ ಇಬ್ನ್ ಬತೂತನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ಅವನು ನಮ್ಮ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಇಳಿದ. ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳಿದ್ದವೆಂದು ಬರೆದಿಟ್ಟ. ಮುಂದೆ ‘ಅಬೂ ಸರೂರ್’ ಬಂತು, ಅಂದರೆ ಬಸ್ರೂರು. ದೊಡ್ಡ ಕೊಲ್ಲಿಯ ಮೇಲಿನ ಸಣ್ಣ ಊರು, ತೆಂಗಿನ ಮರಗಳು ಹೇರಳ. ಅವನು ಹೇಳಿದ್ದು ಹೆಚ್ಚುಕಡಿಮೆ ಇಷ್ಟೇ. ಆಮೇಲೆ ‘ಫಾಕನೂರ್’, ನಮ್ಮ ಬಾರಕೂರು. ಅದು ದೊಡ್ಡ ಪಟ್ಟಣ, ಕಬ್ಬು ಸಮೃದ್ಧ. ಅಲ್ಲಿಯ ‘ಬಾಸದೇವ’ ಎಂಬ ಅರಸನಿಗೆ ಮೂವತ್ತರಷ್ಟು ಯುದ್ಧನೌಕೆಗಳು. ಆ ದಾರಿಯಲ್ಲಿ ಹೋಗುವ ಹಡಗು ಬಂದರಿಗೆ ಬಂದು ಕಾಣಿಕೆ ಕೊಡಲೇಬೇಕು. ಕೊಡದೆ ಜಾರಿಕೊಂಡರೆ ಅಟ್ಟಿಸಿಕೊಂಡು ಹೋಗಿ ಹಿಡಿದು ಎರಡರಷ್ಟು ವಸೂಲಿ. ಟೋಲ್‌ಗೇಟಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಇಬ್ನ್ ಬತೂತ ಕೆಲವು ವರ್ಷಗಳ ನಂತರ ಚೀನಾದ ಜೈತೂನ್ ಬಂದರಿಗೆ ಇಳಿದೆನೆಂದು ಬರೆಯುತ್ತಾನೆ. ಈಗಿನ ಹೆಸರು ಚುವಾನ್‌ಝೌ, ಫುಜಿಯಾನ್ ಪ್ರಾಂತ್ಯದಲ್ಲಿದೆ. ಅಲ್ಲಿ ನೂರರಷ್ಟು ದೊಡ್ಡ ಹಡಗುಗಳನ್ನು ಕಂಡೆ, ಸಣ್ಣವಕ್ಕೆ ಲೆಕ್ಕವಿಲ್ಲ, ಜಗತ್ತಿನ ಅತಿ ದೊಡ್ಡ ಬಂದರು ಇದೇ ಇರಬೇಕು ಎನ್ನುತ್ತಾನೆ. (ಅವನು ನಿಜಕ್ಕೂ ಚೀನಾಕ್ಕೆ ಹೋಗಿದ್ದನೇ ಎಂದು ಅನುಮಾನಿಸುವ ವಿದ್ವಾಂಸರಿದ್ದಾರೆ. ಜೈತೂನಿನ ದೊಡ್ಡಸ್ತಿಕೆಯ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ.) ಸೋಂಗ್ ಅರಸರು 1087ರಲ್ಲೇ ಅಲ್ಲಿ ಕಡಲ ವ್ಯಾಪಾರದ ಸರ್ಕಾರಿ ಕಚೇರಿ ತೆರೆದಿದ್ದರು. ಅರಬರು, ಪರ್ಷಿಯನ್ನರು, ತಮಿಳು ವರ್ತಕರು ಅಲ್ಲಿ ನೆಲೆಸಿದ್ದರು. 1281ರ ತಮಿಳು ಶಾಸನವೊಂದು ಅಲ್ಲಿ ಸಿಕ್ಕಿದೆ, ಶಿವ ದೇವಾಲಯದ ಕೆತ್ತಿದ ಕಲ್ಲುಗಳು ಸಿಕ್ಕಿವೆ. 1974ರಲ್ಲಿ ಅಲ್ಲಿಯ ಕೆಸರಿನಿಂದ ಹೊರತೆಗೆದ 13ನೇ ಶತಮಾನದ ಹಡಗಿನಲ್ಲಿ ಸುಗಂಧದ ಕಟ್ಟಿಗೆಯ ಜೊತೆ ಕರಿಮೆಣಸೂ ಇತ್ತು.

ಒಬ್ಬನೇ ಮನುಷ್ಯನ ಬರಹದಲ್ಲಿ ಎರಡು ಬಂದರು. ಒಂದು ಉತ್ತುಂಗದಲ್ಲಿದೆ, ಇನ್ನೊಂದಕ್ಕೆ ಎರಡು ವಾಕ್ಯ ಸಾಕಾಗಿದೆ. ಮುಂದಿನ ಮುನ್ನೂರು ವರ್ಷಗಳಲ್ಲಿ ಇದು ತಿರುವುಮುರುವಾಯಿತು. ಜೈತೂನ್ ಕುಸಿದ ಬಗೆಯನ್ನು ಓದಿದ ಮೇಲೆಯೇ ಬಸ್ರೂರಿನ ವಿಷಯದಲ್ಲಿ ನಾನು ಹಾಕಿಕೊಂಡಿದ್ದ ಲೆಕ್ಕ ತಪ್ಪೆಂದು ನನಗೆ ಹೊಳೆದದ್ದು. ಜೈತೂನನ್ನು ಕಡಲ ಕಡೆಯಿಂದ ಬಂದ ಶತ್ರು ಕೆಡವಲಿಲ್ಲ. 1357ರಿಂದ 1366ರವರೆಗೆ ಅಲ್ಲಿಯೇ ಬೀಡುಬಿಟ್ಟಿದ್ದ ಪರ್ಷಿಯನ್ ಸೈನಿಕರ ದಂಗೆ, ಅದನ್ನಡಗಿಸುವ ನೆಪದಲ್ಲಿ ನಡೆದ ಕೊಲೆಗಳು. ಬಳಿಕ ಬಂದ ಮಿಂಗ್ ಅರಸರು ಖಾಸಗಿ ಕಡಲ ವ್ಯಾಪಾರವನ್ನೇ ನಿಷೇಧಿಸಿದ್ದು. 1470ರ ದಶಕದಲ್ಲಿ ವ್ಯಾಪಾರದ ಕಚೇರಿಯನ್ನು ಫುಝೌ ನಗರಕ್ಕೆ ಎತ್ತಿಕೊಂಡು ಹೋದದ್ದು. ಪ್ರತಿಯೊಂದೂ ನೆಲದ ಮೇಲೆ, ಬಹಳಷ್ಟು ಸಲ ದೂರದ ರಾಜಧಾನಿಯಲ್ಲಿ ತೀರ್ಮಾನವಾದದ್ದು.

ಇನ್ನು ಬಸ್ರೂರು. ಅದನ್ನು ಮೇಲೆತ್ತಿದ್ದು ಅಕ್ಕಿ. ಬಂದರು ಎಂದ ಕೂಡಲೇ ನಮ್ಮ ಕಲ್ಪನೆ ಮೆಣಸು, ರೇಷ್ಮೆ, ಅರಬ್ಬಿ ಕುದುರೆಗಳ ಕಡೆ ಓಡುತ್ತದೆ. ನನ್ನದೂ ಓಡಿತ್ತು. ದಾಖಲೆಗಳನ್ನು ಓದತೊಡಗಿದರೆ ಪುಟಪುಟಕ್ಕೂ ಅಕ್ಕಿ, ಅಕ್ಕಿ, ಅಕ್ಕಿ. ಮಲಬಾರಿನಲ್ಲಿ ಮೆಣಸಿತ್ತು, ಉಣ್ಣಲು ಸಾಕಷ್ಟು ಭತ್ತವಿರಲಿಲ್ಲ. ಗೋವಾದಲ್ಲಿ ಕೋಟೆ, ಚರ್ಚು, ವೈಸ್‌ರಾಯ್ ಎಲ್ಲ ಇದ್ದರೂ ಅನ್ನಕ್ಕೆ ಕೆನರಾದ ಕಡೆ ಕೈಚಾಚಬೇಕು. ಹೋರ್ಮುಜ್, ಏಡನ್‌ಗಳ ಒಣನೆಲದಲ್ಲಿ ಭತ್ತದ ಮಾತೇ ಇಲ್ಲ. 16ನೇ ಶತಮಾನದ ಮೊದಲ ದಶಕಗಳಲ್ಲಿ ಬರೆದ ದುವಾರ್ತೆ ಬಾರ್ಬೋಸಾ, ಬಸ್ರೂರು ಮತ್ತು ಬಾರಕೂರುಗಳಿಂದ ಹಡಗುಗಳು ಅಕ್ಕಿ ತುಂಬಿಕೊಂಡು ಹೋಗುವುದನ್ನೂ ಬದಲಿಗೆ ತಾಮ್ರ, ತೆಂಗಿನಕಾಯಿ, ಎಣ್ಣೆ ತಂದಿಳಿಸುವುದನ್ನೂ ಹೇಳುತ್ತಾನೆ. 1502ರಲ್ಲಿ ವಾಸ್ಕೋ ಡ ಗಾಮ ಭಟ್ಕಳದ ಮೇಲೆ ಬಿದ್ದು ಹೇರಿದ ಕಪ್ಪವೂ ಅಕ್ಕಿಯೇ. ಗಾಸ್ಪರ್ ಕೊರೆಯಾ ಕೊಡುವ ಲೆಕ್ಕದಂತೆ ವರ್ಷಕ್ಕೆ ಸಾವಿರ ಹೊರೆ ಸಾಧಾರಣ ಅಕ್ಕಿ ಆಳುಗಳಿಗೆ, ಐನೂರು ಹೊರೆ ಒಳ್ಳೆಯ ಅಕ್ಕಿ ಕಪ್ತಾನರಿಗೆ. ಪಂಕ್ತಿಭೇದ ಎಲ್ಲ ಕಡೆಯೂ ಇದೆ!

ಭಟ್ಕಳ ಮೇಲೆ ಬಂದದ್ದು ವಿಜಯನಗರಕ್ಕೆ ಕುದುರೆ ತರಿಸಿಕೊಟ್ಟು. 1565ರ ರಕ್ಕಸಗಿ–ತಂಗಡಗಿ ಯುದ್ಧದ ನಂತರ ರಾಜಧಾನಿ ಹಾಳಾಯಿತು, ಆ ಪ್ರಮಾಣದಲ್ಲಿ ಕುದುರೆ ಕೊಳ್ಳುವವರು ಉಳಿಯಲಿಲ್ಲ. ಅರಸರು ಬಿದ್ದರೂ ಜನ ಉಣ್ಣುವುದನ್ನು ಬಿಡುವುದಿಲ್ಲ. ಭಟ್ಕಳ ಮಂಕಾಗುತ್ತ ಹೋದಂತೆ ಬಸ್ರೂರು ಮೇಲೆದ್ದಿತು. ಸಂಜಯ್ ಸುಬ್ರಹ್ಮಣ್ಯಂ ಅವರು ಪೋರ್ಚುಗೀಸ್ ಕಡತಗಳನ್ನು ಹಿಡಿದು ಈ ಅಕ್ಕಿ ವ್ಯಾಪಾರವನ್ನು ಬಿಡಿಸಿ ತೋರಿಸಿದ್ದಾರೆ. ಚರಿತ್ರೆಯ ವಿದ್ಯಾರ್ಥಿಗಳು ಮೆಣಸಿನ ಮೋಹದಿಂದ ಹೊರಬರಲು ಅವರನ್ನು ಓದಬೇಕು.

ಈ ಪೇಟೆಯನ್ನು ನಡೆಸುತ್ತಿದ್ದವರು ಯಾರು? ವಿಜಯನಗರ ಕಾಲದ ಶಾಸನಗಳಲ್ಲಿ ಬಸ್ರೂರು ಮೂಡುಕೇರಿ, ಪಡುಕೇರಿ ಎಂದು ಎರಡಾಗಿ ಕಾಣುತ್ತದೆ. ಕರಾವಳಿಯ ಬಂದರುಗಳ ಶಾಸನಗಳಲ್ಲಿ ಸೆಟ್ಟಿಕಾರರು, ನಖರಗಳ ಜೊತೆ ‘ಹಂಜಮಾನ’ ಎಂಬ ಮಾತೂ ಮತ್ತೆ ಮತ್ತೆ ಬರುತ್ತದೆ. ಪರ್ಷಿಯನ್ನಿನ ‘ಅಂಜುಮನ್’ ನಮ್ಮ ಕಲ್ಲಿನ ಮೇಲೆ ಕನ್ನಡ ಲಿಪಿಯಲ್ಲಿ ಕೂತ ಬಗೆ ಅದು. ಕಡಲಾಚೆಯಿಂದ ಬಂದು ನೆಲೆನಿಂತ ವರ್ತಕರ ಕೂಟ. ಊರಿನ ವ್ಯವಹಾರದಲ್ಲಿ ಅವರೂ ಪಾಲುದಾರರು. ಇಂಥ ಒಂದು ಪದ ಸಿಕ್ಕಿದ ದಿನ ಆರ್ಕೈವ್ಸಿನ ಧೂಳಿನಿಂದ ಬಂದ ಸೀನು, ನೆಗಡಿ ಎಲ್ಲ ಮರೆತುಹೋಗುತ್ತದೆ.

1569ರಲ್ಲಿ ವೈಸ್‌ರಾಯ್ ಲೂಯಿಸ್ ಡಿ ಅಟೈಡ್ ಹೊನ್ನಾವರವನ್ನೂ ಬಸ್ರೂರನ್ನೂ ಹಿಡಿದ. ಹಿಡಿದದ್ದು ಎಂದರೆ ಕೆಳಗಿನ ಭಾಗವನ್ನು. ಅಲ್ಲಿ ಕೋಟೆ ಕಟ್ಟಿಕೊಂಡರು. ಅಲ್ಲಿಂದ ಮುಂದೆ ಅವರ ಬರಹಗಳಲ್ಲಿ ಎರಡು ‘ಬಾರ್ಸೆಲೋರ್’ಗಳು: ಕೆಳಗಿನದು ಕೋಟೆ, ಮೇಲಿನದು ವರ್ತಕರ ಊರು. ಕೋಟೆಯವರಿಗೆ ಅಕ್ಕಿ ಬೇಕಾದರೆ ಮೇಲಿನ ಊರಿನ ‘ಚಾಟಿಂ’ಗಳನ್ನೇ (ಸೆಟ್ಟಿ ಎಂಬುದರ ಅವರ ಉಚ್ಚಾರ) ಕೇಳಬೇಕು. ಫಿರಂಗಿ ಇದ್ದದ್ದು ಕೆಳಗೆ, ಕಣಜದ ಬೀಗದಕೈ ಇದ್ದದ್ದು ಮೇಲೆ. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ಬಂದಾಗಲೂ ಮೇಲಿನ ಊರು ಕೆಳದಿಯ ವೆಂಕಟಪ್ಪ ನಾಯಕನದ್ದು, ಕೆಳಗಿನದು ಪೋರ್ಚುಗೀಸರದ್ದು. ಆತ ಅದೇ ಪ್ರವಾಸದಲ್ಲಿ ಗೋವಾದ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆ ಮಾರ್ಗವಾಗಿ ಘಟ್ಟ ಹತ್ತಿ ಇಕ್ಕೇರಿಗೂ ಹೋಗಿದ್ದ. ಅಲ್ಲಿ ನಡೆದ ಮಾತುಕತೆಯಲ್ಲಿ ಮೆಣಸಿನ ಕ್ರಯವೂ ಇತ್ತು. ಗಮನಿಸಿ, ಕಡಲಿನ ಒಡೆಯರೆಂದು ಹೇಳಿಕೊಳ್ಳುತ್ತಿದ್ದವರು ಕ್ರಯ ಕೇಳಲು ಘಟ್ಟ ಹತ್ತಿ ಸಾಗರದ ಪಕ್ಕದ ಇಕ್ಕೇರಿಗೆ ಬರಬೇಕಿತ್ತು. (ನಮ್ಮ ಸಾಗರ ತಾಲ್ಲೂಕಿಗೆ ಆ ಹೆಸರು ಬಂದದ್ದು ಕೆರೆಯಿಂದ, ಕಡಲಿಗೂ ಅದಕ್ಕೂ ಸಂಬಂಧವಿಲ್ಲ.)

ಕೆಳದಿಯವರ ರಾಜಧಾನಿಯ ಪಯಣವನ್ನು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದಾಗ ನನಗೆ ಈ ಕತೆ ತಿಳಿಯಾಗತೊಡಗಿತು. ಕೆಳದಿ, ಅಲ್ಲಿಂದ ಇಕ್ಕೇರಿ. 1637ರ ಸುಮಾರಿಗೆ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಲೂಟಿ ಮಾಡಿದ ಮೇಲೆ ವೀರಭದ್ರ ನಾಯಕನ ಕಾಲದಲ್ಲಿ ಬಿದನೂರು. ಭಯದಿಂದ ಕಾಡಿನೊಳಗೆ ಸರಿದರು ಎಂದು ನಾವು ಓದಿಕೊಂಡಿದ್ದೇವೆ. ಅದು ಸರಿಯೇ. ಆದರೆ ಬಿದನೂರು ನಿಂತಿರುವುದು ಘಟ್ಟದ ಅಂಚಿನಲ್ಲಿ, ಹೊಸಂಗಡಿಗೆ ಇಳಿಯುವ ದಾರಿಯ ತಲೆಬಾಗಿಲಿನಲ್ಲಿ. ಆ ದಾರಿಯ ಕೊನೆಗೆ ಬಸ್ರೂರು. ರಾಜಧಾನಿ ಬಂದರಿನ ಹತ್ತಿರಕ್ಕೆ ಬಂದಿತ್ತು. ಶಿವಪ್ಪ ನಾಯಕ (1645–1660) 1652–54ರ ನಡುವೆ ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಮಂಗಳೂರುಗಳಿಂದ ಪೋರ್ಚುಗೀಸರನ್ನು ಹೊರಹಾಕಿದ. ಅವನ ಹೆಸರಿನ ‘ಶಿಸ್ತು’ ಎಂಬ ಭೂಕಂದಾಯದ ಏರ್ಪಾಡನ್ನು ನಾವು ಶಾಲೆಯಲ್ಲಿ ಓದುತ್ತೇವೆ. ಗದ್ದೆಯಲ್ಲಿ ಭತ್ತ ಎಷ್ಟೆಂದು ಲೆಕ್ಕ ಹಾಕಿದವನೇ ಆ ಭತ್ತ ಹೊರಡುವ ಅಳಿವೆಯ ಬಾಗಿಲನ್ನೂ ಕೈಗೆ ತೆಗೆದುಕೊಂಡ ಎಂಬುದನ್ನು ಮಾತ್ರ ಜೋಡಿಸಿ ಹೇಳುವುದಿಲ್ಲ. ಒಂದು ಪಾಠ ‘ಆಡಳಿತ’ದ ಅಡಿಯಲ್ಲಿ, ಇನ್ನೊಂದು ‘ಯುದ್ಧಗಳು’ ಅಡಿಯಲ್ಲಿ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಪ್ರಬಂಧದ ಮೊದಲ ಕರಡಿನಲ್ಲಿ ‘ಬಸ್ರೂರಿನ ಅವನತಿ’ ಎಂಬ ಅಧ್ಯಾಯವನ್ನು ನಾನು ಶುರುಮಾಡಿದ್ದು 1665ರ ಫೆಬ್ರವರಿಯಿಂದ. ಆ ತಿಂಗಳು ಶಿವಾಜಿ ಮಾಲ್ವಣದಿಂದ ಸ್ವತಃ ಹಡಗೇರಿ ಬಂದು ಬಸ್ರೂರನ್ನು ಕೊಳ್ಳೆ ಹೊಡೆದು, ಮರಳುವಾಗ ಗೋಕರ್ಣಕ್ಕೆ ಹೋಗಿ, ಕಾರವಾರದ ಕಡೆಯಿಂದ ಹಿಂದಿರುಗಿದ. ಬರೆಯಲು ಬಹಳ ಚೆನ್ನಾಗಿತ್ತು: ರಾತ್ರಿ, ಹಡಗುಗಳು, ಬೆಂಕಿ. ಮಾರ್ಗದರ್ಶಕರು ಓದಿ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದರು: ‘1666ರಲ್ಲಿ ಅಕ್ಕಿ ಹೋಗಲಿಲ್ಲವೇ?’

ಹೋಗಿತ್ತು. ಕೊಳ್ಳೆ ಹೋದ ಪೇಟೆ ಮತ್ತೆ ಬಾಗಿಲು ತೆರೆದಿತ್ತು. ಡಚ್ಚರು ಅಲ್ಲಿ ಮಳಿಗೆ ಇಟ್ಟರು. ಹೊರಹಾಕಿಸಿಕೊಂಡ ಪೋರ್ಚುಗೀಸರು ಒಪ್ಪಂದ ಮಾಡಿಕೊಂಡು ಅಕ್ಕಿಗಾಗಿ ಮರಳಿ ಬಂದರು. 1713ರಲ್ಲಿ, ‘ಶಿವತತ್ತ್ವರತ್ನಾಕರ’ ಬರೆದ ಬಸವಪ್ಪ ನಾಯಕ ಆಳುತ್ತಿದ್ದಾಗ, ಅವರ ನೌಕಾಪಡೆ ಕೆನರಾ ಕರಾವಳಿಯುದ್ದಕ್ಕೂ ದಾಳಿ ಮಾಡಿತು. ಮರುವರ್ಷವೇ ಮತ್ತೊಂದು ಒಪ್ಪಂದ. ಕಡಲಿನಿಂದ ಬಂದ ಪೆಟ್ಟುಗಳನ್ನೆಲ್ಲ ಬಸ್ರೂರು ತಡೆದುಕೊಂಡಿತು, ಏಕೆಂದರೆ ಮುಂದಿನ ಸುಗ್ಗಿಗೆ ಗದ್ದೆಯಲ್ಲಿ ಭತ್ತ ಬರುತ್ತಿತ್ತು, ಘಟ್ಟದಿಂದ ಮೆಣಸಿನ ಹೇರು ಇಳಿಯುತ್ತಿತ್ತು, ಮೇಲೆ ಬಿದನೂರಿನಲ್ಲಿ ಅದಕ್ಕೆಲ್ಲ ಒಬ್ಬ ವಾರಸುದಾರನಿದ್ದ. ಆ ಅಧ್ಯಾಯದ ನಲವತ್ತು ಪುಟ ಹರಿದುಹಾಕಿದೆ. (ಬೆಂಕಿಯ ಭಾಗವನ್ನು ಮಾತ್ರ ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಂಡಿದ್ದೇನೆ.)

ತಿರುವು ಬಂದದ್ದು 1763ರ ಮಾರ್ಚಿನಲ್ಲಿ, ಬಂದರಿನಿಂದ ದೂರದಲ್ಲಿ, ಕಾಡಿನ ನಡುವೆ. ಹೈದರ್ ಅಲಿ ಬಿದನೂರನ್ನು ಹಿಡಿದ, ರಾಣಿ ವೀರಮ್ಮಾಜಿ ಸೆರೆಯಾದಳು, ಊರು ಹೈದರ್‌ನಗರವಾಯಿತು, ಈಗ ಬರೀ ನಗರ. ಹೈದರನಿಗೆ ಈ ಸಂಸ್ಥಾನದ ಬೆಲೆ ಚೆನ್ನಾಗಿ ಗೊತ್ತಿತ್ತು. ಇಕ್ಕೇರಿ ವರಹದ ಮೇಲಿದ್ದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ. ಪೇಟೆ ನಂಬುವ ನಾಣ್ಯವನ್ನು ಬದಲಿಸಬಾರದು ಎಂಬ ವ್ಯವಹಾರಜ್ಞಾನ. ಆದರೆ ಅವನಿಗೆ ಬೇಕಾದದ್ದು ಯುದ್ಧನೌಕೆಗಳು ನಿಲ್ಲುವ ಬಂದರು, ಅದು ಮಂಗಳೂರು. ರಾಜಧಾನಿ ಶ್ರೀರಂಗಪಟ್ಟಣ. ಘಟ್ಟದಿಂದ ನೇರ ಕೆಳಗಿಳಿಯುತ್ತಿದ್ದ ದಾರಿ ಪಕ್ಕದ ದಾರಿಯಾಯಿತು. ಆ ದಾರಿಯ ಹೆಸರು ಮತ್ತೆ ದೊಡ್ಡದಾಗಿ ಕೇಳುವುದು 1783ರ ಜನವರಿಯಲ್ಲಿ, ಕಂಪನಿಯ ಜನರಲ್ ಮ್ಯಾಥ್ಯೂಸ್ ಕುಂದಾಪುರ ಹಿಡಿದು ಹೊಸಂಗಡಿ ಘಟ್ಟ ಹತ್ತಿ ನಗರಕ್ಕೆ ನುಗ್ಗಿದಾಗ. ಅದೇ ವರ್ಷ ಟಿಪ್ಪು ಅದನ್ನು ಮರಳಿ ಗೆದ್ದ. ಅಕ್ಕಿ, ಮೆಣಸು ಓಡಾಡಿದ ದಾರಿಯಲ್ಲಿ ಈಗ ಸಿಪಾಯಿಗಳು.

ಅದಕ್ಕಿಂತಲೂ ದೊಡ್ಡ ಏಟು 1799ರದ್ದು ಎನ್ನುವುದು ನನ್ನ ಅಭಿಪ್ರಾಯ. ಟಿಪ್ಪು ಸತ್ತ ಮೇಲೆ ಕೆನರಾ ಕಂಪನಿಗೆ ಹೋಯಿತು, ನಗರ ಸೀಮೆ ಮೈಸೂರಿನ ಒಡೆಯರ ಸಂಸ್ಥಾನಕ್ಕೆ ಉಳಿಯಿತು. ಘಟ್ಟದ ನೆತ್ತಿಯ ಮೇಲೆ ಒಂದು ಗಡಿ ಬಿತ್ತು. ಬಸ್ರೂರು ಮುಂದೆ ಮದ್ರಾಸು ಪ್ರಾಂತ್ಯದ್ದಾಯಿತು, ಶಿವಮೊಗ್ಗ ಮೈಸೂರಿನದು. ಇಬ್ಬರೂ ಮತ್ತೆ ಒಂದೇ ಆಡಳಿತಕ್ಕೆ ಬಂದದ್ದು 1956ರಲ್ಲಿ. ಆ ನೂರೈವತ್ತು ವರ್ಷಗಳಲ್ಲಿ ಮಲೆನಾಡಿನ ಸರಕು ಪೂರ್ವಕ್ಕೆ ತಿರುಗಿತು. 19ನೇ ಶತಮಾನದ ಕೊನೆಗೆ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ಅದೇ ಹಳಿಯ ಪಕ್ಕದಲ್ಲಿ ಬೆಂಕಿಪುರವೆಂಬ ಸಣ್ಣ ಊರಿತ್ತು. ಅದು ಭದ್ರಾವತಿಯಾಗಿ, 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. ಅಂದರೆ ನಮ್ಮೂರು ಬೆಳೆದದ್ದೇ ಘಟ್ಟ ಕಡಲಿಗೆ ಬೆನ್ನು ಹಾಕಿದ ಮೇಲೆ. ‘ಮಲೆನಾಡಿನವರಿಗೆ ಏನು ಕಾರಣ’ ಎಂದು ಕೇಳಿದ್ದ ಹಿರಿಯರಿಗೆ ಇದನ್ನು ಹೇಳಬೇಕಿತ್ತು.

ಹೂಳಿನ ವಿಷಯ ಬಿಟ್ಟೆನೆಂದು ಕರಾವಳಿಯ ಓದುಗರು ಆಕ್ಷೇಪಿಸಬಹುದು. ನದಿ ಹೂಳು ತುಂಬಿ ಬಂದರು ಹೋಯಿತು ಎಂಬುದು ಎಲ್ಲ ಹಳೆಯ ಬಂದರುಗಳ ಬಗ್ಗೆಯೂ ಕೇಳಿಬರುವ ಮಾತು. ಜೈತೂನಿನ ಹಡಗು ಸಿಕ್ಕಿದ್ದೂ ಕೆಸರಿನಲ್ಲೇ. ಹೂಳು ಸುಳ್ಳಲ್ಲ. ಆದರೆ ವಾರಾಹಿ ಹೂಳು ತರುತ್ತಿದ್ದದ್ದು 1763ರಲ್ಲಿ ಶುರುವಾದದ್ದಲ್ಲ. ಪ್ರತಿ ಮಳೆಗಾಲದ ನಂತರ ಹೊಸ ದಿಬ್ಬ ಎಲ್ಲಿ ಬಿದ್ದಿದೆ, ದೋಣಿ ಎಲ್ಲಿ ತಿರುಗಬೇಕು ಎಂದು ತಿಳಿದವರು ದಂಡೆಯಲ್ಲಿರುವವರೆಗೆ, ಅವರಿಗೆ ಕೂಲಿ ಕೊಡುವ ಸೆಟ್ಟಿಗಳು ಇರುವವರೆಗೆ, ನದಿ ತೆರೆದಿರುತ್ತದೆ. ಸರಕು ನಿಂತರೆ ಅವರು ಹೋಗುತ್ತಾರೆ. ಅವರು ಹೋದ ಮೇಲೆ ಹೂಳೇ ಕಾರಣವಾಗಿ ಕಾಣುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಮಾತ್ರ ಅಲ್ಲ. ಅಪ್ಪ ಇಪ್ಪತ್ತೇಳು ವರ್ಷ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದವರು. ಅದೀಗ ನಿಂತಿದೆ. ಯಾವ ದಿನ ನಿಂತಿತು ಎಂದು ಒಮ್ಮೆ ಕೇಳಿದ್ದೆ, ಇಸವಿ ಹಾಕಿ ಬರೆಯುವ ಕಸುಬಿನವರ ಪ್ರಶ್ನೆ. ಅಪ್ಪ ಯೋಚಿಸಿ, ‘ಒಂದು ದಿನ ಅಂತ ಎಲ್ಲಿ ಹೇಳ್ಲಿ? ಮೊದ್ಲು ರಾತ್ರಿ ಶಿಫ್ಟ್ ಹೋಯ್ತು. ಆಮೇಲೆ ಕ್ಯಾಂಟೀನಲ್ಲಿ ಇಡ್ಲಿ ಕಮ್ಮಿ ಮಾಡಿದ್ರು. ಗೇಟಿನ ಎದುರು ಸೈಕಲ್ ರಿಪೇರಿಯವನು ಅಂಗಡಿ ಎತ್ತಿದ. ಆಗ್ಲೇ ನಮ್ಗೆ ಗೊತ್ತಾಗಿತ್ತು’ ಎಂದರು. ಯಂತ್ರ ಹಳೆಯದಾಗಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ‘ಯಂತ್ರ ನಾನು ಸೇರಿದಾಗ್ಲೂ ಹಳೇದೇ’ ಎನ್ನುತ್ತಾರೆ ಅಪ್ಪ.

ಹೋದ ತಿಂಗಳು ಹೊಸ ಅಧ್ಯಾಯವನ್ನು ಅವರಿಗೆ ಓದಿ ಹೇಳಿದೆ. ಬಿದನೂರು, ವೀರಮ್ಮಾಜಿ, ಗಡಿ, ರೈಲು ಎಲ್ಲವನ್ನೂ ಕನ್ನಡಕ ಕೈಯಲ್ಲಿ ಹಿಡಿದು ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಅಲ್ಲಿ ಮೂಟೆ ಹೊರ್ತ್ತಿದ್ದವ್ರು, ದೋಣಿ ಹಾಕ್ತಿದ್ದವ್ರು ಆಮೇಲೆ ಎಲ್ಲಿಗೆ ಹೋದ್ರು?’

ಗಡಿಯ ಬಗ್ಗೆ ಬರೆದ ಪುಟವನ್ನೇ ಮತ್ತೆ ತೆಗೆದು ಓದಲು ಹೊರಟೆ.

‘ಅದನ್ನ ಕೇಳಿದೆನಲ್ಲ, ರಾಜರದ್ದಾಯ್ತು. ಜನ ಎಲ್ಲಿಗೆ ಹೋದ್ರು ಅಂದೆ’ ಎಂದು ಅಪ್ಪ ನಲ್ಲಿ ನೀರು ಬಂತೆಂದು ಎದ್ದು ಒಳಗೆ ಹೋದರು. ಈಗ ಕುಂದಾಪುರ, ಗಂಗೊಳ್ಳಿ, ಮಂಗಳೂರುಗಳ ಹಳೆಯ ಕೇರಿಗಳ ಹೆಸರು ಬರೆದುಕೊಳ್ಳುತ್ತ, ಮುಂದಿನ ವಾರದ ಬಸ್ಸಿಗೆ ಸೀಟು ಹಾಕಿಸಿದ್ದೇನೆ.